ಸೊರ್ ಅಂದರೆ ನೀರಿಲ್ಲ

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆಯಾಗಿ ಬಿಡಿಸಿ ಹಿಡಿದು, ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಕಿಟಕಿಕಟ್ಟೆಯ ಮೇಲಿದ್ದ ರೇಡಿಯೋದಲ್ಲಿ ಒಬ್ಬಾಕೆ ತರಕಾರಿ ಸಸಿಗೆ ಬೀಳುವ ಹುಳುವಿನ ಬಗ್ಗೆ ಹೇಳುತ್ತಿದ್ದಳು. "ಎಲೆಯನ್ನು ಮಗುಚಿ ನೋಡಿದರೆ" ಎಂದವಳು ಅಲ್ಲಿಗೇ ನಿಂತಳು. ಆಮೇಲೆ ಬರೀ ಸೊರ್ ಎನ್ನುವ ಸದ್ದು.

"ಕರೆಂಟ್ ಹೋಯ್ತು," ಅಂದಳು ಮಗಳು.

ನನಗೂ ಹಾಗೇ ಅನ್ನಿಸಿತು. ಆದರೆ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ನಮ್ಮವರು ಪ್ರಸಾರ ಕೇಂದ್ರದಲ್ಲಿ ಟ್ರಾನ್ಸ್‌ಮಿಟರ್ ನೋಡಿಕೊಳ್ಳುವವರು. ಊರ ಹೊರಗೆ, ಕೆಂಪು ಬಿಳಿ ಬಣ್ಣದ ಎತ್ತರದ ಕಂಬದ ಬುಡದಲ್ಲಿ ಕೇಂದ್ರ. ಅದರ ಕಾಂಪೌಂಡಿನೊಳಗೇ ನಮ್ಮ ಕ್ವಾರ್ಟರ್ಸು. ಕೇಂದ್ರಕ್ಕೂ ನಮಗೂ ಒಂದೇ ಲೈನು, ಅಲ್ಲಿ ಕರೆಂಟ್ ಹೋದರೆ ನಮ್ಮ ಫ್ಯಾನೂ ನಿಲ್ಲಬೇಕು. ನಮ್ಮ ಮನೆಯಲ್ಲಿ ರೇಡಿಯೋ ಇಡೀ ದಿನ ಒದರುತ್ತಿರುವುದು ನಾವು ಕೇಳುತ್ತೇವೆ ಎಂದಲ್ಲ. ಅದು ಮಾತಾಡುತ್ತಿದ್ದರೆ ಇವರು ಊಟಕ್ಕೆ ಬರುತ್ತಾರೆ, ಸುಮ್ಮನಾದರೆ ಬರುವುದಿಲ್ಲ. ಸಾರು ಬಿಸಿ ಮಾಡುವುದೋ ಬೇಡವೋ ಎಂದು ನಾನು ತೀರ್ಮಾನಿಸುವುದು ಅದನ್ನು ಕೇಳಿಯೇ.

ಪಕ್ಕದ ಮನೆಯ ವಾಚ್‌ಮನ್ನನ ಹೆಂಡತಿ, ನಾವೆಲ್ಲ ದೊಡ್ಡಕ್ಕ ಅನ್ನುವಾಕೆ, ತನ್ನ ರೇಡಿಯೋವನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಿಗೆ ಬಂದಳು.

"ನಿಮ್ಮದೂ ಹೀಗೇನಾ? ಸೆಲ್ ತೆಗೆದು ಹಾಕ್ದೆ. ಬೆನ್ನಿಗೆ ಎರಡು ಕೊಟ್ಟೆ. ಅಷ್ಟು ಏಟು ನಮ್ಮನೆಯವರಿಗೆ ಕೊಟ್ಟಿದ್ರೆ ಅವರಾದ್ರೂ ಮಾತಾಡಿರೋರು."

"ರೇಡಿಯೋ ಕೆಟ್ಟಿಲ್ಲ ದೊಡ್ಡಕ್ಕ. ಹೊಸ ಮೆಷಿನ್ ಹಾಕಿದ್ದಾರೆ ಅನ್ಸತ್ತೆ."

"ಅದು ಮುಂದಿನ ತಿಂಗಳು ಅಂದಿದ್ರಲ್ಲ?"

"ಅಂದಿದ್ರು."

ಕೇಂದ್ರದ ಹಳೆಯ ಟ್ರಾನ್ಸ್‌ಮಿಟರ್ ಒಂದು ಕೋಣೆಯಷ್ಟು ದೊಡ್ಡದು. ಅದರ ಹಿಂದಿನ ಬಿಸಿಗೆ ಕೇಂದ್ರದ ಬೆಕ್ಕುಗಳೆಲ್ಲ ಅಲ್ಲೇ ಮಲಗುತ್ತವೆ. "ಆನೆ ತಿಂದಷ್ಟು ಕರೆಂಟ್ ತಿಂದು ಕೋಳಿ ಹಾಗೆ ಕೂಗ್ತದೆ" ಎಂದು ಇವರೇ ಬೈಯುತ್ತಿದ್ದರು. ಅದರ ಕರೆಂಟ್ ಬಿಲ್ಲಿಗೆ ಹೆದರಿ, ಬಾಗಿಲು ಹಾಕಿಕೊಂಡು ಹೋಗಿ ಎಂದು ಮೇಲಿನವರು ಹೇಳುವ ತನಕ ಬಂದಿತ್ತು. ಆಗ ಬಂದದ್ದು ಡಿಜಿಟಲ್ ಮೆಷಿನ್. ಒಂದು ಬೀರುವಿನಷ್ಟು ಗಾತ್ರ, ಕರೆಂಟಿನಲ್ಲಿ ಮುಕ್ಕಾಲು ಪಾಲು ಉಳಿತಾಯ, ಕೇಳುವುದಕ್ಕೆ ಕನ್ನಡಿಯಂಥ ಸ್ವಚ್ಛ ದನಿ. ಆದರೆ ಅದರ ಮಾತು ಹೊಸ ಬಗೆಯ ರೇಡಿಯೋಗಳಿಗೆ ಮಾತ್ರ ಅರ್ಥವಾಗುತ್ತದೆ. ಹಳೆಯವು ಸೊರ್ ಅನ್ನುತ್ತವೆ, ಅಷ್ಟೇ. ಅದಕ್ಕೇ ಮುಂದಿನ ತಿಂಗಳು ಎಂದಿದ್ದರು. ಜನರಿಗೆ ಹೇಳಬೇಕು, ಸೆಟ್ಟುಗಳು ಅಂಗಡಿಗೆ ಬರಬೇಕು. ಅಲ್ಲಿಯ ತನಕ ಹಳೆಯದಕ್ಕೆ ಅಡ್ಡಿಯಾಗದಂತೆ ಬೇರೆ ತರಂಗದಲ್ಲಿ ಹೊಸದನ್ನು ಪರೀಕ್ಷೆಗೆ ಹಚ್ಚಿ, ಟ್ರಾನ್ಸ್‌ಮಿಟರ್ ನೋಡಿಕೊಳ್ಳುವವರಿಗೆ ಒಂದೊಂದು ಹೊಸ ಸೆಟ್ ಕೊಟ್ಟಿದ್ದರು. ನಮ್ಮ ಪಾಲಿನದನ್ನು ಇವರು ಮನೆಯಲ್ಲಿಟ್ಟುಕೊಳ್ಳದೆ ನಮ್ಮಪ್ಪನಿಗೆ ಕಳಿಸಿದರು. ಭಾನುವಾರ ಅದನ್ನು ಒಯ್ದು ಕೊಟ್ಟು ಬಂದವರು ನಾನು ಮತ್ತು ಮಗಳು.

ನಮ್ಮಪ್ಪ ನೆನಪಾದದ್ದೇ ಕೈಯಲ್ಲಿದ್ದ ಮೂರು ಎಳೆ ಜಾರಿಹೋಯಿತು.

ನಮ್ಮಪ್ಪ ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಾನೆ. ನೀರು ಇಳಿದ ಮೇಲೆ ನಡುವೆ ಮರಳಿನ ದಿಬ್ಬ ಮೇಲೇಳುತ್ತದೆ. ದಡದ ನಾಲ್ಕಾರು ಮನೆಯವರು ಅದನ್ನು ಹಂಚಿಕೊಂಡು ಬಳ್ಳಿ ಹಾಕುತ್ತಾರೆ. ದಿಬ್ಬದ ಆಚೆಗೆ ಒಂದು ತಗ್ಗು, ಹೊಳೆಯ ಅಸಲಿ ದಾರಿ ಅದೇ. ಬೇಸಿಗೆಯಲ್ಲಿ ಅಲ್ಲಿ ಪಾದ ಮುಳುಗುವಷ್ಟು ನೀರು, ಕೆಳಗೆ ಕಪ್ಪು ಬೆಣ್ಣೆಯಂಥ ಮೆಕ್ಕಲುಮಣ್ಣು. ಒಂದು ಬುಟ್ಟಿ ತಂದು ಬುಡಕ್ಕೆ ಹಾಕಿದರೆ ಬಳ್ಳಿ ವಾರದಲ್ಲಿ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಆದರೆ ಯಾರೂ ಸುಮ್ಮನೆ ತಗ್ಗಿಗೆ ಇಳಿಯುವುದಿಲ್ಲ. ಮೇಲೆ ಗುಡ್ಡದ ಹಿಂದೆ ಅಣೆಕಟ್ಟು, ಅದರ ಬುಡದಲ್ಲಿ ಕರೆಂಟ್ ತಯಾರಿಸುವ ಮನೆ. ಊರುಗಳಿಗೆ ಕರೆಂಟ್ ಹೆಚ್ಚು ಬೇಕಾದಾಗ ನೀರು ಹೆಚ್ಚು ಬಿಡುತ್ತಾರೆ, ಆಗ ಆ ತಗ್ಗು ತುಂಬಿ ದಿಬ್ಬದ ಅರ್ಧಕ್ಕೆ ಏರುತ್ತದೆ. ಅಲ್ಲಿಯ ಸೈರನ್ನಿನ ಸದ್ದು ಗುಡ್ಡ ದಾಟುವುದಿಲ್ಲ. ಬಿಡುವ ಮುಂಚೆ ರೇಡಿಯೋದಲ್ಲಿ ಹೇಳುತ್ತಾರೆ.

ಹಾಗಿದ್ದರೆ ಮಣ್ಣು ತರುವುದು ಯಾವಾಗ? ರೇಡಿಯೋ ಸೊರ್ ಅಂದಾಗ.

ನಾನು ಹುಟ್ಟಿ ಬೆಳೆದದ್ದು ಆ ದಡದಲ್ಲೇ, ಆದ್ದರಿಂದ ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೇಂದ್ರಕ್ಕೆ ಕರೆಂಟ್ ಬರುವುದು ಆ ಅಣೆಕಟ್ಟಿನ ಮನೆಯಿಂದಲೇ. ಅಲ್ಲಿಯ ಮೆಷಿನ್ ಕೆಟ್ಟು ನಿಂತಾಗ ಕೇಂದ್ರಕ್ಕೂ ಕರೆಂಟ್ ಇಲ್ಲ, ರೇಡಿಯೋ ಸೊರ್ ಅನ್ನುತ್ತದೆ. ಮೆಷಿನ್ ನಿಂತಿದೆ ಎಂದರೆ ನೀರು ಬಿಡುವವರಿಲ್ಲ. ನಮ್ಮಪ್ಪ, ಅವನಪ್ಪ, ದಡದವರೆಲ್ಲ ಆ ಸದ್ದು ಕೇಳಿದ ಕೂಡಲೇ ಬುಟ್ಟಿ ಎತ್ತಿಕೊಂಡು ತಗ್ಗಿಗೆ ಇಳಿಯುತ್ತಿದ್ದರು. ರೇಡಿಯೋವನ್ನು ಆರಿಸುತ್ತಿರಲಿಲ್ಲ, ದಿಬ್ಬದ ಕಂಬಕ್ಕೆ ನೇತುಹಾಕಿ ಸೊರ್ ಅನ್ನಲು ಬಿಡುತ್ತಿದ್ದರು. ಅದು ಮತ್ತೆ ಮಾತಾಡಿತೋ, ಯಾರ ಮಾತು, ಏನು ಮಾತು ಎಂದು ಕೇಳುವುದಕ್ಕೂ ನಿಲ್ಲದೆ ಹತ್ತಿ ಬರುತ್ತಿದ್ದರು. ನೀರು ಗುಡ್ಡ ಸುತ್ತಿ ಬರುವಷ್ಟರಲ್ಲಿ ಹತ್ತುವುದಕ್ಕೆ ಬೇಕಾದಷ್ಟು ಹೊತ್ತಿರುತ್ತಿತ್ತು.

ಇವತ್ತು ಮೆಷಿನ್ ನಿಂತಿಲ್ಲ. ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಿದೆ.

ಕೇಂದ್ರಕ್ಕೆ ಫೋನ್ ಮಾಡಿದೆ. ಇವರೇ ಎತ್ತಿದರು.

"ರೀ, ಹೊಸದು ಹಾಕಿದ್ರಾ?"

"ಹೂಂ. ಮೇಲಿನವರು ಇವತ್ತೇ ಬರ್ತಿದ್ದಾರೆ. ಮೀಟರ್ ನಿಧಾನವಾಗಿ ತಿರುಗೋದನ್ನ ಸಾಹೇಬ್ರು ಅವರಿಗೆ ತೋರಿಸ್ಬೇಕಂತೆ."

"ಜನಕ್ಕೆ ಹೇಳಲೇ ಇಲ್ವಲ್ಲ?"

"ಹೇಳ್ತಾ ಇದ್ದಾರೆ. ಹಳೇ ಸೆಟ್ ಇನ್ಮೇಲೆ ಕೇಳಿಸಲ್ಲ ಅಂತ ಹೊಸದು ಹಾಕಿದಾಗಿನಿಂದ ಓದ್ತಾ ಇದ್ದಾರೆ."

"ಯಾವುದರಲ್ಲಿ?"

ಹಳೆಯ ಸೆಟ್ಟು ಕೇಳಿಸುವುದಿಲ್ಲ ಎನ್ನುವ ಸುದ್ದಿಯನ್ನು ಹೊಸ ಸೆಟ್ಟಿಗೆ ಮಾತ್ರ ಕೇಳುವ ಹಾಗೆ ಓದುತ್ತಿದ್ದಾರೆ ಎನ್ನುವುದು ಅವರಿಗೆ ಆಗ ಹೊಳೆಯಿತೋ, ಮೊದಲೇ ಹೊಳೆದಿತ್ತೋ. ಬೇರೆ ದಿನವಾಗಿದ್ದರೆ ನಾವಿಬ್ಬರೂ ನಗುತ್ತಿದ್ದೆವು.

"ಇವತ್ತು ನೀರು ಬಿಡ್ತಾರಾ?" ಎಂದು ಕೇಳಿದೆ.

"ಬಿಡ್ತಾರೆ. ಊಟದ ಹೊತ್ತಿಗೆ ಮುಂಚೇನೇ. ಅದನ್ನೂ ಈಗಷ್ಟೇ ಓದಿದ್ದಾರೆ." ಜೊತೆಗೇ ಅಂದರು, "ಮಾವನ ಹತ್ರ ಹೊಸ ಸೆಟ್ ಇದೆಯಲ್ಲ."

ಹತ್ತಿರ ನಿಂತಿದ್ದ ಮಗಳಿಗೆ ಅದು ಕೇಳಿಸಿತು. ಒಂದು ಕಡೆ ಜಡೆ, ಒಂದು ಕಡೆ ಕೆದರಿದ ಕೂದಲು. ಅವಳು ಫೋನನ್ನು ನೋಡಿದ ರೀತಿ ನನಗೆ ಅರ್ಥವಾಗಲಿಲ್ಲ.

"ಅಮ್ಮ, ಆ ರೇಡಿಯೋ ಮರಳಲ್ಲಿ ಮಾತಾಡಲ್ಲ."

"ಅಂದ್ರೆ?"

"ದಡದ ಮೇಲೆ ಚೆನ್ನಾಗಿ ಮಾತಾಡ್ತು. ತಾತ, ನಾನು ಕೆಳಗಿಳಿದ ತಕ್ಷಣ ಕತ್ತರಿಸಿದ ಹಾಗೆ ನಿಂತೋಯ್ತು. ಸೊರ್ ಕೂಡ ಇಲ್ಲ. ಮೇಲೆ ಹತ್ತಿದ್ರೆ ಮತ್ತೆ ಬಂತು. ನಾವು ಮೂರು ನಾಲ್ಕು ಸಲ ಹತ್ತಿ ಇಳಿದು ನೋಡಿದ್ವಿ. ಇದು ಸಾಹೇಬ್ರ ರೇಡಿಯೋ, ಕಾಲು ಕೆಸರು ಮಾಡ್ಕೊಳ್ಳಲ್ಲ ಅಂತ ತಾತ ಅದನ್ನ ಗುಡಿಸಲಲ್ಲಿ ಟವೆಲ್ ಹೊದಿಸಿ ಮಲಗಿಸಿದಾನೆ. ಕಂಬದಲ್ಲಿ ಹಳೇದೇ ಇರೋದು."

ಭಾನುವಾರ ನಾನು ಅತ್ತಿಗೆಯ ಜೊತೆ ದಡದ ಮೇಲೆ ಕೂತು ಹರಟುತ್ತಿದ್ದೆ, ತಾತ ಮೊಮ್ಮಗಳು ಕೆಳಗೆ ಆಟವಾಡುತ್ತಿದ್ದಾರೆ ಅಂದುಕೊಂಡಿದ್ದೆ.

"ರೀ, ಕೇಳಿಸ್ತಾ?" ಅಂದೆ ಫೋನಿಗೆ.

"ಕೇಳಿಸ್ತು."

"ಹಳೇದನ್ನ ಹಾಕಿ. ಏನೂ ಹೇಳ್ಬೇಕಾಗಿಲ್ಲ. ಅದು ಮಾತಾಡಿದ್ರೆ ಸಾಕು, ಅವರೇ ಹತ್ತಿ ಬರ್ತಾರೆ."

"ಕಂಬಕ್ಕೆ ಹೋಗೋ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದ್ದಾರೆ. ಬೀಗದ ಕೈ ಸಾಹೇಬ್ರ ಜೇಬಲ್ಲಿ, ಸಾಹೇಬ್ರು ಮೇಲಿನವರನ್ನ ಕರ್ಕೊಂಡು ಬರೋಕೆ ಹೋಗಿ ದಾರೀಲಿ. ಫೋನ್ ಹತ್ತುತ್ತಾ ಇಲ್ಲ."

"ಬೀಗ ಒಡೀರಿ."

"ಒಡೆದ್ರೂ, ಒಂದ್ಸಲ ಆರಿಸಿದ್ರೆ ಅದು ತಣ್ಣಗಾಗ್ಬಿಡತ್ತೆ ಕಣೆ. ಮತ್ತೆ ಬಿಸಿಯಾಗೋದಕ್ಕೇ ಹೊತ್ತು ಬೇಕು."

"ಹಾಗಾದ್ರೆ ಈಗ್ಲೇ ಒಡೀರಿ."

"ನೋಡೋಣ," ಅಂದರು ಇವರು.

ಆ ಮಾತಿಗೆ ಮಗಳ ಮುಖ ಮುದುಡಿತು.

ಅತ್ತಿಗೆಗೆ ಫೋನ್ ಮಾಡಿದೆ. ನಮ್ಮಣ್ಣ ಊರಲ್ಲಿಲ್ಲ, ಅಪ್ಪನ ಜೊತೆ ಮರಳಿಗೆ ಇಳಿಯುವವಳು ಅವಳೇ. ಕೆಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ. ಅದು ಪೂರ್ತಿ ಬಡಿದುಕೊಂಡು ಸುಮ್ಮನಾಯಿತು. ಇನ್ನೊಂದು ಸಲವೂ ಹಾಗೇ.

"ಒಲೆ ಮೇಲಿನ ಹಾಲು ನಾನು ನೋಡ್ಕೋತೀನಿ, ನೀನು ಹೊರಡು," ಎಂದು ದೊಡ್ಡಕ್ಕ ರೇಡಿಯೋವನ್ನು ನೆಲಕ್ಕಿಟ್ಟು ಒಳಗೆ ಬಂದಳು. ಈ ಸಲ ತಮಾಷೆ ಮಾಡಲಿಲ್ಲ.

ಸ್ಕೂಟರ್ ತೆಗೆದೆ. ಮಗಳನ್ನು ಬಿಟ್ಟು ಹೋಗಬೇಕೆಂದಿದ್ದೆ, ಅವಳು ನಾನು ಕೂರುವ ಮೊದಲೇ ಹಿಂದೆ ಕೂತಿದ್ದಳು. ಇಳಿಸುವುದಕ್ಕೆ ವಾದ ಮಾಡಬೇಕಾಗುತ್ತಿತ್ತು, ಅಷ್ಟು ಹೊತ್ತು ನನ್ನ ಹತ್ತಿರ ಇರಲಿಲ್ಲ.

ಊರ ನಡುವಿನ ಬೀದಿಯಲ್ಲಿ ಎಲ್ಲ ಅಂಗಡಿಗಳಿಂದಲೂ ಅದೇ ಸದ್ದು. ಕ್ಷೌರದವನು ಒಂದು ಕೈಯಲ್ಲಿ ಕತ್ತರಿ ಹಿಡಿದು ಇನ್ನೊಂದು ಕೈಯಲ್ಲಿ ರೇಡಿಯೋದ ಗುಂಡಿ ತಿರುಗಿಸುತ್ತಿದ್ದ, ಕುರ್ಚಿಯಲ್ಲಿದ್ದವನು ಅರ್ಧ ಗಡ್ಡದಲ್ಲಿ ಕಾಯುತ್ತಿದ್ದ. ಸೈಕಲ್ ಅಂಗಡಿಯವನು ತನ್ನ ಸೆಟ್ಟನ್ನು ಬಿಚ್ಚಿ ಕರುಳೆಲ್ಲ ಹೊರಗೆ ಹಾಕಿದ್ದ. ರೇಡಿಯೋ ರಿಪೇರಿಯವನ ಬಾಗಿಲಲ್ಲಿ ಆಗಲೇ ಜನ ಸೇರಿದ್ದರು, ಅವನು ಒಂದೊಂದನ್ನೂ ಕಿವಿಗೆ ಹಿಡಿದು, ಗಂಭೀರವಾಗಿ ತಲೆಯಾಡಿಸಿ, ಬಿಟ್ಟು ಹೋಗಿ ಎನ್ನುತ್ತಿದ್ದ. ಪ್ರತಿಯೊಬ್ಬರೂ ಕೆಟ್ಟಿರುವುದು ತಮ್ಮದೊಂದೇ ಎಂದುಕೊಂಡಿದ್ದರು.

ನಿಂತು ಕೂಗಿ ಹೇಳಬೇಕೆನ್ನಿಸಿತು. ನಿಲ್ಲಲಿಲ್ಲ.

ಊರು ದಾಟಿದ ಮೇಲೆ ಮಗಳು ನನ್ನ ಬೆನ್ನಿಗೆ ಬಾಯಿ ಒತ್ತಿ ಏನೋ ಅಂದಳು.

"ಏನು ಮರಿ?"

"ನಾನು ಹೇಳಿದ್ದೆ."

"ಯಾರಿಗೆ?"

ಗಾಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಹೊರಟೆ. ಅಷ್ಟರಲ್ಲಿ ಭಾನುವಾರದ ಸಂಜೆ ಕಣ್ಣೆದುರು ಬಂತು. ಇವರು ಸಂಜೆಯ ಪಾಳಿಗೆ ಹೊರಟಾಗ ಮಗಳು ಬೆರಳು ಹಿಡಿದುಕೊಂಡು ಗೇಟಿನವರೆಗೆ ಹೋಗಿದ್ದಳು. ಏನೋ ಬಹಳ ಮುಖ್ಯವಾದದ್ದನ್ನು ಕೈ ತಿರುಗಿಸಿ ಹೇಳುತ್ತಿದ್ದಳು, ಮೇಲೆ, ಕೆಳಗೆ, ಮೇಲೆ. ನಾನು ಬಟ್ಟೆ ಒಣಹಾಕುತ್ತಾ ನೋಡಿದ್ದೆ. ಇವರು ಬಗ್ಗಿ ಕೇಳಿ, ಅವಳ ತಲೆ ಸವರಿ, ನೋಡೋಣ ಎಂದು ಹೋಗಿದ್ದರು.

ಆಕ್ಸಿಲರೇಟರ್ ತಿರುಚಿದೆ.

ದಡ ತಲುಪಿದಾಗ ಬಿಸಿಲು ಮರಳಿನ ಮೇಲೆ ಉರಿಯುತ್ತಿತ್ತು. ಗುಡಿಸಲ ಬಾಗಿಲು ಎಳೆದಿತ್ತು, ಒಳಗಿನಿಂದ ಸ್ವಚ್ಛವಾದ ಹೆಣ್ಣುದನಿ ಕೇಳಿಸಿತು. ಅಪ್ಪ ಆರಿಸದೆ ಹೋಗಿದ್ದ. ಟವೆಲ್ ಹೊದ್ದುಕೊಂಡ ಹೊಸ ರೇಡಿಯೋ ಖಾಲಿ ಗುಡಿಸಲಿಗೆ ಹೇಳುತ್ತಿತ್ತು, ಹೊಳೆಯ ಪಾತ್ರದಲ್ಲಿರುವವರು ಎತ್ತರದ ಜಾಗಕ್ಕೆ ತೆರಳಬೇಕೆಂದು, ನೀರನ್ನು ಈಗಾಗಲೇ ಬಿಡಲಾಗಿದೆ ಎಂದು.

ದಡದ ಅಂಚಿನಿಂದ ನೋಡಿದೆ. ದಿಬ್ಬದ ಮೇಲೆ ಹಸಿರು ಬಳ್ಳಿ, ಕಂಬ, ಕಂಬದಲ್ಲಿ ರೇಡಿಯೋ. ಜನ ಒಬ್ಬರೂ ಇಲ್ಲ. ಅದರಾಚೆ, ತಗ್ಗಿನಲ್ಲಿ, ಬಗ್ಗಿದ ಬೆನ್ನುಗಳು. ಒಂದು ಬೆನ್ನಿಗೆ ಬಿಳಿ ಬನಿಯನ್ನು. ಅದು ನಮ್ಮಪ್ಪ.

ಕೂಗಿದೆ. ಗಾಳಿ ಎದುರಿನಿಂದ ಬೀಸುತ್ತಿತ್ತು, ನನ್ನ ಕೂಗು ನನ್ನ ಬಾಯಿಗೇ ವಾಪಸ್ ಬಂತು.

"ನೀನು ಇಲ್ಲೇ ನಿಲ್ಲು. ಒಂದು ಹೆಜ್ಜೆ ಕೆಳಗಿಟ್ರೆ ನೋಡು."

"ನೀನು?"

"ನಾನು ಬೇಗ ಬರ್ತೀನಿ. ಇಲ್ಲಿಂದ ಗುಡ್ಡದ ತಿರುವು ಕಾಣತ್ತೆ. ನೀರು ಕಂಡ್ರೆ ಎರಡು ಕೈಯೂ ಮೇಲೆತ್ತು."

ಅವಳಿಗೆ ಒಂದು ಕೆಲಸ ಕೊಡದಿದ್ದರೆ ಹಿಂದೆಯೇ ಬರುತ್ತಿದ್ದಳು. ಗುಡ್ಡದ ಕಡೆ ಮುಖ ಮಾಡಿ ಕಂಬದ ಹಾಗೆ ನಿಂತಳು, ಕಣ್ಣು ಮಿಟುಕಿಸದೆ.

ಚಪ್ಪಲಿ ಬಿಟ್ಟು ಓಡಿದೆ. ಮರಳಿನಲ್ಲಿ ಓಡುವುದು ಕನಸಿನಲ್ಲಿ ಓಡಿದ ಹಾಗೆ, ಕಾಲು ಎತ್ತಿದಷ್ಟೂ ಹೂತುಹೋಗುತ್ತದೆ. ಬಳ್ಳಿ ತುಳಿಯಬಾರದು ಎನ್ನುವ ಚಿಕ್ಕಂದಿನ ಅಭ್ಯಾಸಕ್ಕೆ ಒಂದೆರಡು ಕಡೆ ಸುತ್ತಿ ಹೋದೆ, ಆಮೇಲೆ ನನಗೇ ನಾಚಿಕೆಯಾಗಿ ತುಳಿದುಕೊಂಡೇ ಹೋದೆ. ಕಂಬದ ಹತ್ತಿರ ಬಂದಾಗ ಎದೆ ಒಡೆದುಹೋಗುವಂತಿತ್ತು. ಹಳೆಯ ರೇಡಿಯೋ ಸೊರ್ ಅನ್ನುತ್ತಿತ್ತು. ಕರೆಂಟ್ ಹೋದಾಗಿನ ಸದ್ದು ತೆಳ್ಳಗಿರುತ್ತದೆ, ಇದು ದಪ್ಪ, ಒತ್ತಿ ತುಂಬಿದ ಹಾಗೆ. ಗೊತ್ತಿದ್ದು ಕೇಳಿದರೆ ಮಾತ್ರ ತಿಳಿಯುವ ವ್ಯತ್ಯಾಸ.

"ಅಪ್ಪಾ, ಹತ್ತಿ ಬಾ. ಅತ್ತಿಗೆ, ನೀರು."

ಓಡಿ ಬಂದ ಏದುಸಿರಿಗೆ ಮಾತು ಸ್ಪಷ್ಟವಾಗಿ ಹೊರಡಲಿಲ್ಲ. ಅತ್ತಿಗೆ ತಲೆಯೆತ್ತಿದಳು. ನನ್ನನ್ನು ಗುರುತಿಸಿ ನಕ್ಕಳು. ತವರಿಗೆ ಬಂದೆ ಅಂದುಕೊಂಡಳು. ಕೆಸರಿನ ಕೈ ಎತ್ತಿ, ಬಾ, ನೀನೂ ಒಂದು ಬುಟ್ಟಿ ಹೊರು ಎಂಬಂತೆ ಕರೆದಳು. ನಾನು ಕೈ ಬೀಸಿದೆ, ಅವಳೂ ಬೀಸಿದಳು. ಉಳಿದವರು ಮತ್ತೆ ಬಗ್ಗಿದರು. ರೇಡಿಯೋ ಸೊರ್ ಅನ್ನುತ್ತಿರುವಾಗ ಅವರಿಗೆ ಆತುರವೇನು?

ಹಿಂದೆ ತಿರುಗಿ ದಡ ನೋಡಿದೆ. ಮಗಳು ಸಣ್ಣಗೆ ಕಾಣುತ್ತಿದ್ದಳು. ಅವಳ ಎರಡು ಕೈಯೂ ಮೇಲಿದ್ದವು.

ತಗ್ಗಿಗೆ ಇಳಿಯಲು ಕಾಲು ಮುಂದಿಟ್ಟೆ. ಇಳಿದರೆ ನಾನೂ ಅವರ ಜೊತೆ. ಇಳಿಯದಿದ್ದರೆ ಇಲ್ಲಿ ನಿಂತು ನೋಡಬೇಕು. ಯೋಚಿಸಲು ಪುರುಸೊತ್ತು ಇರಲಿಲ್ಲ ಅಂತ ಆಮೇಲೆ ಎಲ್ಲರಿಗೂ ಹೇಳಿದೆ, ಆದರೆ ನಿಜವಾಗಿ ಯೋಚಿಸಿದೆ. ದಡದ ಮೇಲೆ ಕೈ ಎತ್ತಿ ನಿಂತವಳನ್ನು ಇನ್ನೊಮ್ಮೆ ನೋಡಿದೆ.

ಆಗ ಬೆನ್ನ ಹಿಂದೆ ಸೊರ್ ಸದ್ದು ನಿಂತಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಣ್ಣ ಗುಂಯ್, ಹಳೆಯ ಟ್ರಾನ್ಸ್‌ಮಿಟರಿನ ಗುಂಯ್, ನಮ್ಮ ಮನೆಯ ಗೋಡೆಗಳಿಗೂ ಗೊತ್ತಿರುವ ಸದ್ದು. ಯಾರೋ ಮೈಕಿನ ಮುಂದೆ ಕೆಮ್ಮಿದರು. ಆ ಕೆಮ್ಮು ಯಾರದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮಾವ," ಅಂದರು ಇವರು. "ನಾನು. ನೀರು ಬಿಟ್ಟಿದ್ದಾರೆ. ಹತ್ತಿ ಬನ್ನಿ. ಎಲ್ಲರೂ ಬನ್ನಿ."

ಇಷ್ಟು ವರ್ಷ ಆ ಕೇಂದ್ರದಲ್ಲಿ ಕೆಲಸ ಮಾಡಿದರೂ ಇವರು ಒಂದು ದಿನವೂ ಮೈಕಿನಲ್ಲಿ ಮಾತಾಡಿದವರಲ್ಲ. ನಮಸ್ಕಾರ ಇಲ್ಲ, ಕೇಂದ್ರದ ಹೆಸರಿಲ್ಲ, ಹೊತ್ತು ಎಷ್ಟು ಎಂದಿಲ್ಲ. ಮನೆಯ ಅಂಗಳದಲ್ಲಿ ಕರೆದ ಹಾಗೆ ಕರೆದರು. ತಗ್ಗಿನವರು ಮಾತು ಕೇಳುವುದಕ್ಕೆ ನಿಲ್ಲಲೇ ಇಲ್ಲ. ಕೆಮ್ಮು ಕೇಳಿದಾಗಲೇ ಬೆನ್ನುಗಳೆಲ್ಲ ಒಟ್ಟಿಗೆ ನೆಟ್ಟಗಾಗಿದ್ದವು. ಬುಟ್ಟಿ ಬಿಟ್ಟವರು ಬಿಟ್ಟರು, ಹೊತ್ತವರು ಹೊತ್ತರು, ಎಲ್ಲರೂ ದಿಬ್ಬಕ್ಕೆ ಏರುತ್ತಿದ್ದರು.

ನಮ್ಮಪ್ಪ ಮಾತ್ರ ತುಂಬಿದ ಬುಟ್ಟಿಯನ್ನು ತಲೆಗೇರಿಸಲು ಒದ್ದಾಡುತ್ತಿದ್ದ.

"ಮಾವ, ಮಣ್ಣು ಬಿಡಿ," ಎಂದು ಅತ್ತಿಗೆ ವಾಪಸ್ ಇಳಿದಳು.

"ಒಳ್ಳೆ ಮಣ್ಣು ಕಣಮ್ಮ."

"ನಿಮ್ಮ ಮಗ ಬಂದು ನನ್ನನ್ನ ಕೇಳೋದು ಅಪ್ಪ ಎಲ್ಲಿ ಅಂತ, ಮಣ್ಣೆಲ್ಲಿ ಅಂತಲ್ಲ. ಬಿಡಿ ಅಂದೆ." ಬುಟ್ಟಿಯನ್ನು ಕಿತ್ತು ಎಸೆದು, ಅವನ ತೋಳಿಗೆ ಕೈ ಹಾಕಿ ಎಳೆದಳು. ನಾನು ಮೇಲಿನಿಂದ ಇನ್ನೊಂದು ತೋಳು ಹಿಡಿದೆ.

ನೀರು ಬಂದದ್ದು ಆಮೇಲೆ. ಹಾಲು ಉಕ್ಕುವಾಗ ಮೊದಲು ಅಂಚು ಮಾತ್ರ ಮೆಲ್ಲಗೆ ಏಳುತ್ತದಲ್ಲ, ಹಾಗೆ ತಗ್ಗಿನ ತಿರುವಿನಲ್ಲಿ ಒಂದು ಕಂದು ಅಂಚು ಎದ್ದಿತು. ಮರುಕ್ಷಣವೇ ಇಡೀ ತಗ್ಗು ತುಂಬಿತ್ತು, ಈ ಸಲ ನೀರು ದಿಬ್ಬದ ಅರ್ಧಕ್ಕೂ ನಿಲ್ಲಲಿಲ್ಲ. ನಾವು ದಿಬ್ಬ ದಾಟಿ ದಡದ ಬುಡಕ್ಕೆ ಬರುವಷ್ಟರಲ್ಲಿ ಬಳ್ಳಿಯ ಸಾಲುಗಳು ಒಂದೊಂದಾಗಿ ನೀರಿನೊಳಗೆ ಹೋಗುತ್ತಿದ್ದವು. ಹೊತ್ತು ಮುಂಚೆ ಗೊತ್ತಾಗಿದ್ದರೆ ಕಾಯಾದರೂ ಕಿತ್ತುಕೊಳ್ಳುತ್ತಿದ್ದೆವು ಎಂದು ಯಾರೋ ಅಂದರು. ಕಂಬದ ರೇಡಿಯೋವನ್ನು ತರಲು ಯಾರಿಗೂ ನೆನಪಾಗಿರಲಿಲ್ಲ. ಅದು ಅಲ್ಲಿಂದ ಇನ್ನೂ "ಮಾವ, ಕೇಳಿಸ್ತಾ, ಹತ್ತಿದ್ರಾ" ಎಂದು ಕೇಳುತ್ತಲೇ ಇತ್ತು. ಕಂಬ ವಾಲಿತು. ಆ ಮಾತು ನಡುವಿನಲ್ಲೇ ನಿಂತುಹೋಯಿತು.

ಮಗಳು ಇನ್ನೂ ಕೈ ಮೇಲೆತ್ತಿಕೊಂಡೇ ನಿಂತಿದ್ದಳು. ನಾನು ಹತ್ತಿರ ಹೋಗಿ ಕೆಳಗಿಳಿಸಿದೆ. ತೋಳುಗಳು ಮರದ ಹಾಗೆ ಬಿಗಿದಿದ್ದವು.

ಸಂಜೆಗೆ ನಮ್ಮಪ್ಪ, ಅತ್ತಿಗೆ ಇಬ್ಬರೂ ನಮ್ಮ ಕ್ವಾರ್ಟರ್ಸಿನಲ್ಲಿದ್ದರು. ಅಪ್ಪ ಇವರ ಅಂಗಿ ತೊಟ್ಟುಕೊಂಡು, ತೋಳು ಉದ್ದವಾಯಿತೆಂದು ಎರಡು ಮಡಿಕೆ ಮಡಚಿಕೊಂಡು ಕೂತಿದ್ದ. ಕಾಂಪೌಂಡಿನವರೆಲ್ಲ ಬಂದು ಹೋಗುತ್ತಿದ್ದರು. ದೊಡ್ಡಕ್ಕ ಹಾಲನ್ನು ಉಕ್ಕಿಸಿ ಒಲೆಯೆಲ್ಲ ಗಲೀಜು ಮಾಡಿದ್ದಳು, ಅದಕ್ಕೆ ಪ್ರಾಯಶ್ಚಿತ್ತ ಎಂಬಂತೆ ಎಲ್ಲರಿಗೂ ಅವಳೇ ಟೀ ಕೊಡುತ್ತಿದ್ದಳು.

"ನನ್ನ ಅಳಿಯ ರೇಡಿಯೋದಲ್ಲಿ ನನ್ನ ಕರೆದ," ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. "ಎಷ್ಟು ಊರಿಗೆ ಕೇಳಿಸ್ತೋ. ಮದುವೆ ಆದಾಗಿಂದ ಇವನು ನನ್ನ ಮಾವ ಅಂತ ಕರೆದದ್ದು ಇಷ್ಟು ಗಟ್ಟಿಯಾಗಿ ಇದೇ ಮೊದಲು."

"ಇವತ್ತು ಎಲ್ಲ ಮನೆಯಲ್ಲೂ ಮಾವಂದಿರು ಎದ್ದು ನಿಂತಿರ್ತಾರೆ," ಅಂದಳು ಅತ್ತಿಗೆ.

ಇವರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಬಲಗೈಗೆ ಬಟ್ಟೆ ಸುತ್ತಿತ್ತು. ಸಾಹೇಬರು ಮೇಲಿನವರನ್ನು ಕರೆದುಕೊಂಡು ಬಂದಾಗ ಸ್ವಿಚ್ಚಿನ ಪೆಟ್ಟಿಗೆ ಬಾಯಿ ಬಿಟ್ಟುಕೊಂಡಿತ್ತಂತೆ, ಮೀಟರ್ ಹಳೆಯ ಹಾಗೇ ಗಿರಗಿರ ತಿರುಗುತ್ತಿತ್ತಂತೆ. ಇವರಿಗೆ, ನಾಳೆ ಕೆಲಸಕ್ಕೆ ಬರಬೇಕೋ ಬೇಡವೋ ಹೇಳಿ ಕಳಿಸುತ್ತೇವೆ ಎಂದಿದ್ದರು. ಹೊಳೆಯವರಿಗೆ ಬೇರೆ ಏರ್ಪಾಡು ಆಗುವ ತನಕ ನೀರಿನ ಸುದ್ದಿಗಾದರೂ ಹಳೆಯದನ್ನು ಹಚ್ಚಬೇಕು ಎಂದು ಬಂದವರಲ್ಲಿ ಒಬ್ಬರು ಅಂದರಂತೆ. ಇದನ್ನೆಲ್ಲ ನಮಗೆ ಹೇಳಿದ್ದು ವಾಚ್‌ಮನ್. ಇವರು ಹೊಗಳುವವರಿಗೆ ಹೂಂ ಎನ್ನುತ್ತಿದ್ದರು, ಟೀ ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿಯದೆ ಕೂತಿದ್ದರು. ಒಂದು ಸಲವೂ ಮಗಳ ಕಡೆ ನೋಡಲಿಲ್ಲ.

ಮಗಳೂ ಅವರ ಹತ್ತಿರ ಹೋಗಿರಲಿಲ್ಲ. ಬೇರೆ ದಿನ ಗೇಟಿನ ಸದ್ದಾದರೆ ಸಾಕು, ಓಡಿ ಹೋಗಿ ಬೆನ್ನಿಗೆ ಜೋತುಬೀಳುವವಳು. ಇವತ್ತು ತಾತನ ಪಕ್ಕ ಗೋಡೆಗೆ ಒರಗಿ ಕೂತು ತುಟಿಯ ಸಿಪ್ಪೆ ಕೀಳುತ್ತಿದ್ದಳು. ಒಂದು ಕಡೆಯ ಜಡೆ ಸಡಿಲವಾಗಿ ಜೋತಿತ್ತು, ಇನ್ನೊಂದು ಕಡೆಯ ಕೂದಲಲ್ಲಿ ಮರಳು.

ನಾನು ಕೇಳಬಹುದಿತ್ತು. ಜನ ಹೋದ ಮೇಲೆ, ಅಡುಗೆಮನೆಯಲ್ಲಿ, ದನಿ ತಗ್ಗಿಸಿ. ಭಾನುವಾರ ಅವಳು ನಿಮಗೆ ಹೇಳಿದ್ದಳಲ್ಲವೇ ಎಂದು. ಆದರೆ ಅದು ಅವಳ ಮಾತು. ಅವಳ ಬಾಯಿಂದ ಕಿತ್ತುಕೊಂಡು ನಾನು ಆಡಿದರೆ ಅವಳಿಗೆ ಉಳಿಯುವುದೇನು?

ಬಂದವರೆಲ್ಲ ಹೋದ ಮೇಲೆ ಅವಳು ತಾನೇ ಎದ್ದು ಬಾಚಣಿಗೆ, ರಿಬ್ಬನ್ ಎರಡನ್ನೂ ತಂದು ನನ್ನ ಮುಂದೆ ಕೂತಳು. ಬೆಳಿಗ್ಗೆ ಕೂತ ಜಾಗದಲ್ಲೇ. ಎದುರಿಗೆ, ಬಾಗಿಲಲ್ಲಿ, ಇವರು. ನಾನು ಮರಳು ಉದುರಿಸಿ, ಸಿಕ್ಕು ಬಿಡಿಸಿ, ಮತ್ತೆ ಮೂರು ಎಳೆ ಮಾಡಿದೆ. ಮೊದಲ ಹೆಣಿಗೆ ಹಾಕುವಾಗ ಅವಳ ಕುತ್ತಿಗೆ ಬಿಗಿಯಾದದ್ದು ಕೈಗೆ ತಿಳಿಯಿತು. ನಾನು ಜಗ್ಗಲಿಲ್ಲ, ನಿಲ್ಲಿಸಲೂ ಇಲ್ಲ. ಒಂದರ ಮೇಲೊಂದು ಹೆಣೆಯುತ್ತಾ ಹೋದೆ.

ಕಿಟಕಿಕಟ್ಟೆಯ ರೇಡಿಯೋ ಎಂದಿನಂತೆ ಮಾತಾಡುತ್ತಿತ್ತು. ಇವರು ಏಳುವವರ ಹಾಗೆ ಲೋಟ ಕೆಳಗಿಟ್ಟರು.

"ಅಪ್ಪ," ಅಂದಳು ಮಗಳು.

ಇವರು ಅವಳನ್ನು ನೋಡಿದರು.

"ಹೊಸ ರೇಡಿಯೋ ಮರಳಲ್ಲಿ ಮಾತಾಡಲ್ಲ ಅಂತ ನಾನು ಭಾನುವಾರನೇ ನಿನಗೆ ಹೇಳಿದ್ನಲ್ಲ. ಬೆಳಿಗ್ಗೆ ನೀನು ಹಳೇದನ್ನ ಆರಿಸಿದಾಗ, ಅದು ನಿನಗೆ ನೆನಪಿತ್ತಾ?"